ನಲ್ಲಪ್ಪನ ಎರಡನೇ ಬೆಂಕಿ

ಗೌರಿಬಿದನೂರಿನಲ್ಲಿ ವೆಂಕಟರವಣಪ್ಪನ ಟಾಕೀಸು ಅಂತ ಒಂದಿತ್ತು. ಅಲ್ಲಿಗೆ ಬರುತ್ತಿದ್ದ ಹಳ್ಳಿ ಜನ ಪೋಸ್ಟರು ನೋಡಿ ಟಿಕೆಟ್ ತೆಗೆಯುತ್ತಿರಲಿಲ್ಲ. ಗೇಟಿನ ನಲ್ಲಪ್ಪನ ಬ್ಯಾಟರಿ ನೋಡಿ ತೆಗೆಯುತ್ತಿದ್ದರು.

ಐದು ಸೆಲ್ಲಿನ ಉದ್ದನೆ ಬ್ಯಾಟರಿ. ಕತ್ತಲಲ್ಲಿ ಬಂದವರಿಗೆ ಸೀಟು ತೋರಿಸಲಿ ಅಂತ ಇದ್ದದ್ದು. ಶುಕ್ರವಾರ ಹೊಸ ಪಿಕ್ಚರಿನ ಮೊದಲ ಆಟವನ್ನು ನಲ್ಲಪ್ಪ ಬಾಗಿಲಿಗೆ ಒರಗಿಕೊಂಡು ಟೈಟಲ್ಲಿನಿಂದ ಹಿಡಿದು ಶುಭಂವರೆಗೂ ನೋಡುತ್ತಿದ್ದ. ಸಾಯಂಕಾಲದ ಆಟಕ್ಕೆ ಮಂಚೇನಹಳ್ಳಿ ಬಸ್ಸು, ವಿದುರಾಶ್ವತ್ಥದ ಬಸ್ಸು ಇಳಿದವರು ಟಿಕೆಟ್ ಕಿಟಕಿಗೆ ಹೋಗುವುದಕ್ಕೆ ಮುಂಚೆ ಗೇಟಿನ ಎದುರು ಬಂದು ಸುಮ್ಮನೆ ನಿಂತುಕೊಳ್ಳುತ್ತಿದ್ದರು. ಬಾಯಿಬಿಟ್ಟು ಕೇಳುವಂತಿಲ್ಲ, ಓನರು ಕಿಟಕಿಯ ಹಿಂದೆಯೇ ಕೂತಿರುತ್ತಾನೆ. ನಲ್ಲಪ್ಪ ಬಿಸಿಲು ಇನ್ನೂ ಇರುವಾಗಲೇ ಬ್ಯಾಟರಿ ಹಚ್ಚಿ ತನ್ನ ಮುಖಕ್ಕೆ ಬಿಟ್ಟುಕೊಂಡ ಅಂದರೆ ಪಿಕ್ಚರು ನೋಡಬಹುದು. ಕಾಲಬುಡಕ್ಕೆ ಬಿಟ್ಟ ಅಂದರೆ ಬಂದ ಬಸ್ಸನ್ನೇ ಹತ್ತಿ ಊರಿಗೆ ಹೋಗಿ ಮಲಗಬಹುದು.

ಓದಿದ್ದು ಮೂರನೇ ಕ್ಲಾಸು. ಆದರೆ ಕಥೆಯಲ್ಲಿ ಸುಳ್ಳು ಎಲ್ಲಿದೆ ಅಂತ ಹಿಡಿಯುವುದರಲ್ಲಿ ಅವನಿಗೆ ಮೇಷ್ಟ್ರುಗಳೂ ಸಮ ಇರಲಿಲ್ಲ. ಅವನು ನೋಡುತ್ತಿದ್ದದ್ದು ಒಂದೇ ಒಂದು: ಇದು ನಡೆಯುವಂಥದ್ದಾ, ಅಲ್ಲವಾ. ಹೀರೋ ನಾಲ್ಕನೇ ಮಹಡಿಯಿಂದ ಹಾರಿದರೆ ಅವನಿಗೇನೂ ಬೇಜಾರಿಲ್ಲ.

“ಹಾರ್ಲಿ ಬಿಡಯ್ಯಾ,” ಅನ್ನುತ್ತಿದ್ದ, ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂತು. “ಕೆಳಗೆ ತಂಗೀನ ಜೀಪಲ್ಲಿ ಎಳ್ಕೊಂಡು ಹೋಗ್ತಾವ್ರೆ. ಮೆಟ್ಲು ಇಳ್ಕೊಂಡು ಬರೋಕೆ ಅವ್ನೇನು ಮದ್ವೆಗೆ ಬಂದವ್ನಾ? ಮನುಷ್ಯ ಯಾಕೆ ಹಾರ್ತಾನೆ ಅನ್ನೋದು ಸರಿಯಾಗಿರ್ಬೇಕು. ಎಷ್ಟು ಎತ್ತರ ಅಂತ ಯಾವನ್ ಕೇಳ್ತಾನೆ?”

ಗೇಟಿನವನೊಬ್ಬನ ಮಾತಿಗೆ ತಾಲೂಕೇ ತಲೆಯಾಡಿಸುತ್ತಿದ್ದದ್ದಕ್ಕೆ ಬೇರೆ ಕಾರಣವೂ ಇತ್ತು. ಅವನು ಬರೀ ಗೇಟಿನ ನಲ್ಲಪ್ಪನಲ್ಲ. ಹನ್ನೊಂದು ಜನರ ನಲ್ಲಪ್ಪ. ಬೆಂಕಿಯೊಳಗೆ ನುಗ್ಗಿ ಹನ್ನೊಂದು ಹೆಂಗಸರ ಜೀವ ಉಳಿಸಿದವನು. ಪಿಕ್ಚರಿನಲ್ಲಿ ಬೆಂಕಿ ಬಂದಾಗಲೆಲ್ಲ ಜನ ಪರದೆಯಿಂದ ಕಣ್ಣು ತೆಗೆದು ಬಾಗಿಲ ಕಡೆ ತಿರುಗಿ ಅವನನ್ನು ನೋಡುತ್ತಿದ್ದರು.

ಆ ಕಥೆ ಊರಿನ ಬಾಯಲ್ಲಿ ಬೆಳೆದದ್ದು ಹೀಗೆ. ಮೊದಲ ವರ್ಷ: ಟೆಂಟಿಗೆ ಬೆಂಕಿ ಬಿತ್ತು, ನಲ್ಲಪ್ಪ ಚೂರಿಯಿಂದ ಟೆಂಟಿನ ಬಟ್ಟೆ ಸೀಳಿ ಹೆಂಗಸರನ್ನು ಹೊರಗೆ ಬಿಟ್ಟ. ಎರಡನೇ ವರ್ಷ: ಹೊರಗಿದ್ದವನು ಒಳಗೆ ನುಗ್ಗಿದ. ನಾಲ್ಕನೇ ವರ್ಷದ ಹೊತ್ತಿಗೆ ಇಬ್ಬರನ್ನು ಹೆಗಲ ಮೇಲೆ, ಒಬ್ಬಳನ್ನು ಕಂಕುಳಲ್ಲಿ ಹೊತ್ತುಕೊಂಡು ನಾಲ್ಕು ಸಲ ಹೋಗಿ ಬಂದಿದ್ದ. ಇಷ್ಟನ್ನೂ ನಲ್ಲಪ್ಪ ಯಾರಿಗೂ ಹೇಳಿರಲಿಲ್ಲ. ಅಲ್ಲ ಅಂತಲೂ ಹೇಳಿರಲಿಲ್ಲ. ಬೇರೆಯವರ ಕಥೆಯಲ್ಲಿ ಕೂದಲೆಳೆಯಷ್ಟು ಸುಳ್ಳು ಕಂಡರೂ ಕಾಲಬುಡಕ್ಕೆ ಬ್ಯಾಟರಿ ಬಿಡುತ್ತಿದ್ದವನು, ತನ್ನ ಕಥೆ ಬಂದಾಗ ತಲೆ ತಗ್ಗಿಸಿ ಬೀಡಿ ಹಚ್ಚುತ್ತಿದ್ದ. ಜನ ಅದನ್ನು ವಿನಯ ಅಂದುಕೊಂಡರು.

ನಡೆದದ್ದು ಇದು.

1984ರ ಬೇಸಿಗೆ. ಆಗ ವೆಂಕಟರವಣಪ್ಪನಿಗೆ ಟಾಕೀಸು ಇರಲಿಲ್ಲ, ಊರೂರಿಗೆ ಹೋಗುವ ಟೆಂಟು ಇತ್ತು. ಮಂಚೇನಹಳ್ಳಿಯ ಹೊರಗೆ ಬಯಲಲ್ಲಿ ಟೆಂಟು ಹಾಕಿದ್ದರು. ಒಳಗೆ ಗಂಡಸರಿಗೂ ಹೆಂಗಸರಿಗೂ ನಡುವೆ ತಲೆಯೆತ್ತರದ ಬಿದಿರು ತಟ್ಟಿ, ಎರಡು ಕಡೆಗೂ ಬೇರೆ ಬೇರೆ ಬಾಗಿಲು. ಹೆಂಗಸರ ಬಾಗಿಲು ನಲ್ಲಪ್ಪನದು. ಇಂಟರ್ವೆಲ್ಲಿನಲ್ಲಿ ಒಳಗಿದ್ದ ಹೆಂಗಸರು ಅತ್ತಿಗೆ ನಾದಿನಿಯರನ್ನೆಲ್ಲ ಟಿಕೆಟ್ ಇಲ್ಲದೆ ಒಳಗೆ ಎಳೆದುಕೊಳ್ಳುತ್ತಾರೆ ಅಂತ ಓನರಿನಿಂದ ದಿನಾ ಬೈಗುಳ. ಬೈಸಿಕೊಂಡು ಸಾಕಾಗಿ ಆ ಸಂಜೆ ಇಂಟರ್ವೆಲ್ ಮುಗಿದ ತಕ್ಷಣ ನಲ್ಲಪ್ಪ ಬಾಗಿಲಿನ ತಟ್ಟಿಯನ್ನು ಒಳಗಿನಿಂದ ಕಂಬಕ್ಕೆ ಕಬ್ಬಿಣದ ತಂತಿಯಿಂದ ಕಟ್ಟಿದ. ಇಕ್ಕಳದಲ್ಲಿ ತಿರುಚಿ ತಿರುಚಿ ಕಟ್ಟಿದ.

ಬೆಂಕಿ ಹತ್ತಿದ್ದು ಗಂಡಸರ ಕಡೆ, ಯಾವನದೋ ಬೀಡಿಯಿಂದ. ಅವರ ಬಾಗಿಲು ದೊಡ್ಡದು, ಓಡಿದರು. ಹೆಂಗಸರು ಎದ್ದು ತಮ್ಮ ಬಾಗಿಲಿಗೆ ಬಂದರು. ಇಕ್ಕಳ ಎಲ್ಲಿ ಬಿತ್ತೋ. ನಲ್ಲಪ್ಪ ಬೆರಳಲ್ಲಿ ತಂತಿ ಬಿಚ್ಚಲು ನೋಡಿದ, ಉಗುರು ಕಿತ್ತುಬಂತು. ಮೇಲಿನಿಂದ ಉರಿಯುವ ಬಟ್ಟೆ ಚೂರು ಚೂರಾಗಿ ಉದುರತೊಡಗಿತು. ಆಗ ಅವನು ತಂತಿ ಬಿಟ್ಟ. ಗೂಟದ ಹಗ್ಗ ಕೊಯ್ಯುವುದಕ್ಕೆ ಸೊಂಟದಲ್ಲಿ ಚೂರಿ ಇತ್ತು. ಪಕ್ಕದ ಬಟ್ಟೆ ಸೀಳಿ, ಯಾರದೋ ಕೈ ತುಳಿದುಕೊಂಡು, ಎಲ್ಲರಿಗಿಂತ ಮೊದಲು ತಾನು ಹೊರಗೆ ಬಿದ್ದ. ಅವನ ಹಿಂದೆ ಅದೇ ಸೀಳಿನಲ್ಲಿ ಹನ್ನೊಂದು ಹೆಂಗಸರು ಬಂದರು. ಇನ್ನಿಬ್ಬರು ಬರಲಿಲ್ಲ. ಅವರು ಕೊನೆವರೆಗೂ ಬಾಗಿಲ ಹತ್ತಿರವೇ ನಿಂತು ತಂತಿ ಜಗ್ಗುತ್ತಿದ್ದರು.

ಮಾರನೇ ದಿನ ವೆಂಕಟರವಣಪ್ಪ ಮಂಚೇನಹಳ್ಳಿ ಬಸ್‌ ಸ್ಟ್ಯಾಂಡಿನಲ್ಲಿ ಎಲ್ಲರೆದುರಿಗೆ ನಲ್ಲಪ್ಪನಿಗೆ ಹಾರ ಹಾಕಿ ಆ ಐದು ಸೆಲ್ಲಿನ ಬ್ಯಾಟರಿ ಕೊಟ್ಟ. ವೆಂಕಟರವಣಪ್ಪ ದಡ್ಡನಲ್ಲ. ಉಳಿಸಿದವನೊಬ್ಬ ಇದ್ದರೆ ಊರು ಅವನನ್ನು ನೋಡುತ್ತದೆ, ಸತ್ತ ಇಬ್ಬರ ಬಗ್ಗೆ ಟೆಂಟಿನ ಯಜಮಾನನನ್ನು ಯಾರೂ ಕೇಳುವುದಿಲ್ಲ. ಹಾಗೇ ಆಯಿತು. ಹನ್ನೊಂದು ಅನ್ನುವುದು ಎಲ್ಲರ ಬಾಯಲ್ಲೂ ಉಳಿಯಿತು. ಎರಡು ಅನ್ನುವುದು ಒಬ್ಬಳ ಹತ್ತಿರ ಮಾತ್ರ ಉಳಿಯಿತು.

ಅವಳು ಗಂಗುಲಮ್ಮ. ಹನ್ನೊಂದರಲ್ಲಿ ಒಬ್ಬಳು. ನಲ್ಲಪ್ಪ ತುಳಿದದ್ದು ಅವಳ ಕೈಯನ್ನೇ. ಸತ್ತ ಇಬ್ಬರಲ್ಲಿ ಒಬ್ಬಳು ಅವಳ ಅಕ್ಕ. ಗೌರಿಬಿದನೂರಿನಲ್ಲಿ ಟಾಕೀಸು ಎದ್ದ ಮೇಲೆ ಗೇಟಿನ ಪಕ್ಕ ಕಡಲೆಕಾಯಿ ಬುಟ್ಟಿ ಇಡುವುದಕ್ಕೆ ಅವಳಿಗೆ ಜಾಗ ಕೊಡಿಸಿದವನು ನಲ್ಲಪ್ಪನೇ. ಯಾಕೆ ಕೊಡಿಸಿದ ಅಂತ ಅವಳಿಗೂ ಗೊತ್ತು, ಅವನಿಗೂ ಗೊತ್ತು. ದಿನಾ ಮ್ಯಾಟಿನಿಗೆ ಮುಂಚೆ ಒಂದು ಪೊಟ್ಟಣ ಅವನ ಕೈಗೆ ಹಾಕುತ್ತಿದ್ದಳು.

“ತಿನ್ನು ಹನ್ನೊಂದ್ ಜನರ ನಲ್ಲಪ್ಪಣ್ಣ,” ಅನ್ನುತ್ತಿದ್ದಳು. ಅಷ್ಟೇ. ಸುತ್ತಲಿನವರು ಮರ್ಯಾದೆ ಕೊಡುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ನಲ್ಲಪ್ಪನಿಗೆ ಆ ಪೊಟ್ಟಣ ಬೇಡವಾಗಿತ್ತು. ಬಿಟ್ಟರೆ ಜನ ಕೇಳುತ್ತಾರೆ ಅಂತ ತಿನ್ನುತ್ತಿದ್ದ.

ಟಾಕೀಸಿನಲ್ಲಿ ಒಂದು ಕೆಲಸ ಮಾತ್ರ ಅವನು ಮಾಡುತ್ತಿರಲಿಲ್ಲ. ಆಟ ಶುರುವಾದ ಮೇಲೆ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಮೂರು ಬಾಗಿಲು, ಮೂರೂ ಬರೀ ಪರದೆ. ಟಿಕೆಟ್ ಇಲ್ಲದವರು ನುಗ್ಗುತ್ತಾರೆ ಅಂತ ವೆಂಕಟರವಣಪ್ಪ ವರ್ಷಗಟ್ಟಲೆ ಬೈದ. ನಲ್ಲಪ್ಪ ವರ್ಷಗಟ್ಟಲೆ ಬೈಸಿಕೊಂಡ. ಚಿಲಕ ಹಾಕಲಿಲ್ಲ.

1987ರಲ್ಲಿ ಒಂದು ತೆಲುಗು ಪಿಕ್ಚರು ಬಂತು. ಅದನ್ನು ನಮ್ಮ ಕಡೆ ಎಲ್ಲರೂ ಬೆಂಕಿ ಪಿಕ್ಚರ್ ಅಂತಲೇ ಕರೆದರು. ಹತ್ತಿ ಮಿಲ್ಲಿಗೆ ವಿಲನ್ನು ಬೆಂಕಿ ಹಚ್ಚುತ್ತಾನೆ, ಕೂಲಿಕಾರ ಹೀರೋ ಒಳಗೆ ನುಗ್ಗಿ ಎಲ್ಲರನ್ನೂ ಎಳೆದು ತರುತ್ತಾನೆ. ಅದಕ್ಕೆ ನಲ್ಲಪ್ಪನ ಬ್ಯಾಟರಿ ಮುಖಕ್ಕೇ ಬಿತ್ತು. ವೆಂಕಟರವಣಪ್ಪ ಹೀರೋ ಕಟೌಟಿನ ಪಕ್ಕ ನಲ್ಲಪ್ಪನ ಫೋಟೋ ಹಾಕಿಸಿ ಕೆಳಗೆ ಬರೆಸಿದ: ಅಲ್ಲಿ ಅವನು, ಇಲ್ಲಿ ಇವನು. ಎಂಬತ್ತು ದಿನ ಓಡಿತು. ಚಿಕ್ಕಬಳ್ಳಾಪುರದಿಂದ ಬಂದವರು ಪಿಕ್ಚರು ನೋಡಿ, ಆಮೇಲೆ ನಲ್ಲಪ್ಪನನ್ನೂ ನೋಡಿಕೊಂಡು ಹೋದರು. ಅವನ ಹೆಂಡತಿ ಲಕ್ಷ್ಮಿದೇವಮ್ಮ ನೀರಿಗೆ ಹೋದರೆ ಬೋರ್‌ವೆಲ್ಲಿನ ಹತ್ತಿರ ಹೆಂಗಸರು ಜಾಗ ಬಿಟ್ಟುಕೊಡುತ್ತಿದ್ದರು. ಈ ಹೆಸರಿಲ್ಲದಿದ್ದರೆ ಅವನಿಗೆ ಏನಿತ್ತು? ಒಂದು ಬಾಡಿಗೆ ಕೋಣೆ, ಒಂದು ಖಾಕಿ ಷರಟು. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ನೆನೆಸಿಕೊಳ್ಳುವುದಕ್ಕೆ ಅವನ ಹತ್ತಿರ ಇದ್ದದ್ದು ಆ ಹೆಸರೊಂದೇ. ಅದು ಕಳ್ಳಮಾಲು ಅಂತ ಗೊತ್ತಿದ್ದದ್ದರಿಂದಲೇ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಐದು ವರ್ಷ ಆದ ಮೇಲೆ ಬೆಂಕಿ ಪಿಕ್ಚರಿನ ಎರಡನೇ ಭಾಗ ಬಂತು.

ಶುಕ್ರವಾರ ಮೊದಲ ಆಟಕ್ಕೆ ತೆಂಗಿನಕಾಯಿ ಒಡೆದರು. ನಲ್ಲಪ್ಪ ಬಾಗಿಲಿಗೆ ಒರಗಿ ನೋಡಿದ. ಮೊದಲ ಭಾಗದಲ್ಲಿ ಸುಟ್ಟು ಸತ್ತಿದ್ದ ವಿಲನ್ನು ಇಲ್ಲಿ ಮುಖಕ್ಕೆ ಕರೀ ಬಟ್ಟೆ ಸುತ್ತಿಕೊಂಡು ಬಂದ. ಅದೇ ಮಿಲ್ಲು. ಹೀರೋ ಈಗ ಊರಿಗೆಲ್ಲ ದೇವರು, ಅವನು ಬಂದರೆ ಮಂತ್ರಿಯೂ ಎದ್ದು ನಿಲ್ಲುತ್ತಾನೆ. ಮತ್ತೆ ಅದೇ ಮಿಲ್ಲಿಗೆ ಬೆಂಕಿ, ಮತ್ತೆ ಅವನೇ ಪಕ್ಕದ ರಸ್ತೆಯಲ್ಲಿ ಬರುತ್ತಿರುತ್ತಾನೆ, ಮತ್ತೆ ಅವನೇ ನುಗ್ಗುತ್ತಾನೆ. ಸಂಜೆ ಬಸ್ಸಿಳಿದ ಜನ ಗೇಟಿನೆದುರು ನಿಂತರು. ಬ್ಯಾಟರಿ ಕಾಲಬುಡಕ್ಕೆ ಬಿತ್ತು.

“ಏನಯ್ಯಾ, ನಿನ್ನ ಪಿಕ್ಚರ್ರೇ ಅಲ್ವಾ ಅದು?” ಅಂದರು ಹೋಟೆಲಿನಲ್ಲಿ. “ನೀನೇ ಕೆಳಕ್ಕೆ ಬಿಟ್ರೆ ಹೆಂಗೆ?”

“ಬಿಡ್ದೆ ಏನ್ ಮಾಡ್ಲಿ?” ನಲ್ಲಪ್ಪನಿಗೆ ಸಿಟ್ಟು ಬಂದಿತ್ತು. “ಒಂದ್ಸಲ ಬೆಂಕಿ ಬಿತ್ತು, ಇವ್ನಿದ್ದ, ಒಪ್ಕೊಳ್ಳೋಣ. ಎರಡನೇ ಸಲ ಬೆಂಕಿ, ಎರಡನೇ ಸಲಾನೂ ಇವ್ನೇ ಇರ್ತಾನಾ? ದೇಶದಲ್ಲಿ ಬೇರೆ ಗಂಡಸ್ರಿಲ್ವಾ? ಹಂಗಿದ್ರೆ ಬೆಂಕಿ ಹಚ್ಚೋನು ಕರೀ ಬಟ್ಟೆಯೋನಲ್ಲ ಕಣಯ್ಯಾ, ಈ ಹೀರೋನೇ. ಹೆಸರು ಹಳೇದಾಯ್ತು ಅಂತ ಹೊಸದಾಗಿ ಹಚ್ಚವ್ನೆ. ಮೊದ್ಲು ಇವ್ನನ್ನ ಹಿಡ್ಕೊಂಡ್ ಒದೀಬೇಕು!”

ಬೆಂಚೆಲ್ಲ ನಕ್ಕಿತು. ಟೀ ಚೆಲ್ಲುವಷ್ಟು ನಕ್ಕರು. ಆ ಮಾತು ರಾತ್ರಿ ಬಸ್ಸಿನಲ್ಲಿ ಮಂಚೇನಹಳ್ಳಿಗೆ ಹೋಯಿತು, ಬೆಳಿಗ್ಗೆ ವಿದುರಾಶ್ವತ್ಥಕ್ಕೆ ಹೋಯಿತು. ಶನಿವಾರ ಸಂಜೆ ಹಾಲ್ ಅರ್ಧ ಖಾಲಿ. ಭಾನುವಾರ ಮುಕ್ಕಾಲು ಖಾಲಿ.

ಸೋಮವಾರ ವೆಂಕಟರವಣಪ್ಪ ಗೇಟಿಗೇ ಬಂದ. “ಲೋ ನಲ್ಲಪ್ಪ, ಇಲ್ಲಿ ಕೊಡೋ ಬ್ಯಾಟ್ರಿ.”

“ಯಾಕ್ ಸಾವ್ಕಾರ್ರೆ?”

“ಯಾಕಾ? ಒಳ್ಳೇ ಪಿಕ್ಚರ್‌ನ ಬೀದೀಲಿ ಬೆತ್ತಲೆ ಮಾಡ್ಬಿಟ್ಯಲ್ಲೋ. ನಿನ್ನನ್ನ ಮನುಷ್ಯನ್ ಮಾಡಿದ್ದು ನಾನು. ಹಾರ ಹಾಕಿದ್ದು ಯಾರು? ನಾನ್ ಬಾಯ್ಬಿಟ್ರೆ ನೀನ್ ಯಾವ ಹೀರೋನೋ? ಏಮಿರಾ, ಮರ್ತುಹೋಯ್ತಾ?”

ನಲ್ಲಪ್ಪ ಬ್ಯಾಟರಿ ಕೊಟ್ಟ. ಕಡಲೆಕಾಯಿ ಬುಟ್ಟಿಯ ಹಿಂದಿನಿಂದ ಗಂಗುಲಮ್ಮ ನೋಡುತ್ತಿದ್ದಳು. ಓನರಿಗೂ ಗೊತ್ತಿತ್ತು ಅನ್ನುವುದು ಅವಳಿಗೆ ಅವತ್ತು ಗೊತ್ತಾಯಿತು.

ಮಂಗಳವಾರ ಮ್ಯಾಟಿನಿ. ಒಳಗೆ ನಲವತ್ತು ಜನ ಇರಬಹುದು. ಮೇಲೆ ಕ್ಯಾಬಿನ್ನಿನಲ್ಲಿ ಪಿಕ್ಚರು ಬಿಡುತ್ತಿದ್ದವನು ಆಪರೇಟರ್ ಮುನಿನಾರಾಯಣಪ್ಪ. ಕೆಲಸ ಬಲ್ಲವನು, ಆದರೆ ಮಧ್ಯಾಹ್ನಕ್ಕೇ ಕುಡಿಯುತ್ತಿದ್ದ. ಆ ಕಾಲದ ಮೆಷಿನ್ನಿನಲ್ಲಿ ಬೆಳಕಿಗೆ ಕಾರ್ಬನ್ ಕಡ್ಡಿ ಉರಿಸುತ್ತಿದ್ದರು. ಉರಿದು ಮೋಟಾದ ಕಡ್ಡಿಯನ್ನು ತೆಗೆದು ಮರಳು ಡಬ್ಬಿಗೆ ಹಾಕಬೇಕು. ಮರಳು ಡಬ್ಬಿ ಅಲ್ಲಿ ಎರಡು ವರ್ಷದಿಂದ ಇರಲಿಲ್ಲ. ಅವನು ಕೆಂಪಗೆ ಕಾದ ಮೋಟನ್ನು ಹಳೇ ಪೋಸ್ಟರುಗಳ ರಾಶಿಯ ಕಡೆ ಎಸೆದು, ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಪರದೆಯ ಮೇಲೆ ಮಿಲ್ಲು ಉರಿಯುತ್ತಿತ್ತು. ಹಾಲಿನಲ್ಲಿ ಹೊಗೆ ಬಂದಾಗ ಮುಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಪರದೆ ಕತ್ತಲಾದಾಗ ಕಿರುಚಿಕೊಂಡು ಎದ್ದರು. ಮೂರು ಬಾಗಿಲೂ ತೆರೆದೇ ಇದ್ದವು. ನಲವತ್ತು ಜನರೂ ಒಬ್ಬರ ಕಾಲು ಒಬ್ಬರು ತುಳಿಯದೆ ಹೊರಗೆ ಬಂದರು. ಒಬ್ಬನಿಗೂ ತರಚು ಗಾಯ ಆಗಲಿಲ್ಲ. ಆ ಬಾಗಿಲುಗಳು ಯಾಕೆ ತೆರೆದಿದ್ದವು ಅಂತ ಅವತ್ತಿನಿಂದ ಇವತ್ತಿನವರೆಗೆ ಒಬ್ಬನೂ ಕೇಳಿಲ್ಲ.

ನಲ್ಲಪ್ಪ ಹೊರಬಂದ ಮುಖಗಳನ್ನು ಒಂದೊಂದಾಗಿ ನೋಡಿದ. ಮುನಿನಾರಾಯಣಪ್ಪ ಇರಲಿಲ್ಲ. ಜನವೆಲ್ಲ ಟಾಕೀಸಿನ ಮುಂದೆ. ಕ್ಯಾಬಿನ್ನಿಗೆ ಹತ್ತುವ ಕಬ್ಬಿಣದ ಮೆಟ್ಟಿಲು ಹಿಂದೆ, ಗೋಡೆಯ ಮರೆಗೆ. ಅವನು ಹಿಂದಕ್ಕೆ ಹೋದದ್ದನ್ನು ಯಾರೂ ನೋಡಲಿಲ್ಲ. ಮೆಟ್ಟಿಲ ಕೆಳಗೆ ಅವನ ಕಾಲು ನಿಂತೇ ಹೋಯಿತು. ಮೇಲೆ ಬಾಗಿಲನ್ನು ಒಳಗಿನಿಂದ ಯಾರೋ ಗುದ್ದುವ ಸದ್ದು. ಎಂಟು ವರ್ಷದಿಂದ ಅವನ ಕಿವಿಯಲ್ಲಿ ಇದ್ದದ್ದು ಇಂಥದೇ ಸದ್ದು, ತಂತಿ ಜಗ್ಗುವ ಸದ್ದು. ಹತ್ತಿದ. ತಗಡಿನ ಬಾಗಿಲು ಕಾದು ಉಬ್ಬಿ ಚೌಕಟ್ಟಿನಲ್ಲಿ ಕಚ್ಚಿಕೊಂಡಿತ್ತು. ಎರಡೂ ಅಂಗೈಯಲ್ಲಿ ಅಂಚು ಹಿಡಿದು ಜಗ್ಗಿದ. ಚರ್ಮ ತಗಡಿಗೆ ಅಂಟಿಕೊಂಡಿತು. ಕೈ ಕಿತ್ತುಕೊಂಡು ಮತ್ತೆ ಹಿಡಿದ. ಮೂರನೇ ಸಲಕ್ಕೆ ಬಾಗಿಲು ಬಂತು, ಅದರ ಹಿಂದೆ ಮುನಿನಾರಾಯಣಪ್ಪ ಮೂಟೆಯ ಹಾಗೆ ಬಂದು ಬಿದ್ದ.

ಅವನನ್ನು ಹೆಗಲ ಮೇಲೆ ಹಾಕಿಕೊಂಡು ನಲ್ಲಪ್ಪ ಮುಂಭಾಗಕ್ಕೆ ಬಂದ. ಬಂದು ನಿಂತದ್ದು ಎಲ್ಲಿ ಗೊತ್ತಾ? ಎರಡನೇ ಭಾಗದ ದೊಡ್ಡ ಪೋಸ್ಟರಿನ ಕೆಳಗೆ. ಪೋಸ್ಟರಿನಲ್ಲಿ ಹೀರೋ ಹೊಗೆಯ ಮಧ್ಯದಿಂದ ಒಬ್ಬನನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದ, ಇದೇ ಹೆಗಲು, ಇದೇ ಭಂಗಿ. ಹಿಂದಿನಿಂದ ಒಬ್ಬ ಶಿಳ್ಳೆ ಹೊಡೆದ.

“ಪಾರ್ಟ್ ಟೂ ಬಂತಲೇ!”

ಜನ ನಕ್ಕರು. ಅವನ ಅಂಗೈಯಿಂದ ನೀರು ಸೋರುತ್ತಿತ್ತು, ನಕ್ಕರು.

“ಅವ್ನೇ ಹೇಳಿದ್ನಲ್ಲಪ್ಪಾ ಮೊನ್ನೆ. ಎರಡನೇ ಸಲಾನೂ ಇವ್ನೇ ಇರ್ತಾನಾ ಅಂತ.”

“ಹೆಸರು ಹಳೇದಾಯ್ತು ಅಂತ ಹೊಸದಾಗಿ ಹಚ್ಚವ್ನೆ!”

“ಬ್ಯಾಟ್ರಿ ಕಿತ್ಕೊಂಡಿದ್ರಲ್ಲ ನೆನ್ನೆ, ಅದಕ್ಕೆ!”

ಅವನದೇ ಮಾತು, ಅವನದೇ ಅಕ್ಷರ. ನಲ್ಲಪ್ಪ ಮುನಿನಾರಾಯಣಪ್ಪನನ್ನು ನೆಲಕ್ಕೆ ಇಳಿಸಿ ಅವನ ಪಕ್ಕದಲ್ಲೇ ಕುಸಿದ.

ಹತ್ತು ದಿನದ ಮೇಲೆ ಲೈಸೆನ್ಸು ನೋಡುವ ಸಾಹೇಬರೊಬ್ಬರು ಬಂದು ಟಾಕೀಸಿನ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕ್ಯಾಬಿನ್ನಿನಲ್ಲಿ ಮರಳು ಡಬ್ಬಿ ಇರಲಿಲ್ಲ ಅಂತ ಬರೆದುಕೊಂಡರೆ ವೆಂಕಟರವಣಪ್ಪನ ಲೈಸೆನ್ಸು ಹೋಗುತ್ತದೆ. ಕೆಲಸದವನೊಬ್ಬ ದ್ವೇಷಕ್ಕೆ ಹಚ್ಚಿದ ಅಂತ ಬರೆದುಕೊಂಡರೆ ಉಳಿಯುತ್ತದೆ. ಅಂಗಳದ ತುಂಬ ಜನ. ನಲ್ಲಪ್ಪ ಎರಡು ಕೈಗೂ ಬಟ್ಟೆ ಸುತ್ತಿಸಿಕೊಂಡು ನಿಂತಿದ್ದ. ಲಕ್ಷ್ಮಿದೇವಮ್ಮ ಅವನ ಹೆಗಲ ಮೇಲಿನ ಟವೆಲು ಜಾರದಂತೆ ಹಿಡಿದುಕೊಂಡಿದ್ದಳು.

“ಕೈ ಹೇಗೆ ಸುಟ್ಟಿತು?” ಸಾಹೇಬರು ಕೇಳಿದರು.

“ಬಾಗ್ಲು ತೆಗೆಯೋವಾಗ ಸ್ವಾಮಿ. ಕಾದಿತ್ತು. ಒಳಗೆ ಇವ್ನು ಗುದ್ತಿದ್ದ. ಕೇಳಿ ಇವ್ನನ್ನೇ.”

ಮುನಿನಾರಾಯಣಪ್ಪನನ್ನು ಕೇಳಿದರು. ಅವನು ಕೆಮ್ಮಿದ. ವೆಂಕಟರವಣಪ್ಪನ ಮುಖ ನೋಡಿದ. ಮರಳು ಡಬ್ಬಿಯ ಮಾತು ಬಂದರೆ ಕಾರ್ಬನ್ ಮೋಟಿನ ಮಾತೂ ಬರುತ್ತದೆ ಅಂತ ಅವನಿಗೆ ಗೊತ್ತಿತ್ತು.

“ಬಾಗ್ಲು ತೆಗ್ದೇ ಇತ್ತು ಸಾರ್,” ಅಂದ. “ಹೊಗೆ ನೋಡಿ ನಾನೇ ಹೊರಗೆ ಬಂದೆ. ಮೆಟ್ಲ ಹತ್ರ ಇವ್ನು ನಿಂತಿದ್ದ. ಸೀಮೆಎಣ್ಣೆ ವಾಸ್ನೆ ಬಡೀತಿತ್ತು. ಆಮೇಲೆ ನಂಗೆ ಗ್ಯಾನ ಇಲ್ಲ.”

“ಲೋ ಮುನಿನಾರಾಯಣ,” ಅಂದ ನಲ್ಲಪ್ಪ. ಅವನ ಭಾರ ಇನ್ನೂ ಇವನ ಹೆಗಲಲ್ಲಿತ್ತು. “ನನ್ ಮುಖ ನೋಡ್ಕೊಂಡ್ ಹೇಳೋ.”

ಅವನು ತನ್ನ ಕಾಲುಗುರು ನೋಡುತ್ತಿದ್ದ.

“ಮೊದಲನೇ ಸಲವೂ ನೀನೇ, ಎರಡನೇ ಸಲವೂ ನೀನೇ,” ಸಾಹೇಬರು ಪೆನ್ನಿನಿಂದ ತೋರಿಸಿದರು. “ನೀನೇ ಹೇಳಪ್ಪಾ. ನಂಬುವ ಹಾಗಿದೆಯಾ?”

ನಲ್ಲಪ್ಪ ಯೋಚಿಸಿದ. ನಂಬುವ ಹಾಗಿರಲಿಲ್ಲ. ಪಿಕ್ಚರಾಗಿದ್ದರೆ ತಾನೂ ಕಾಲಬುಡಕ್ಕೇ ಬಿಡುತ್ತಿದ್ದ. ಆದರೆ ಒಂದು ದಾರಿ ಕಂಡಿತು. ಮನುಷ್ಯ ಯಾಕೆ ಹಾರುತ್ತಾನೆ ಅನ್ನುವುದು ಸರಿಯಾಗಿರಬೇಕು. ಇವರು ಹೇಳುತ್ತಿರುವ ಕಾರಣ ಹೆಸರು. ಆ ಹೆಸರೇ ತನ್ನದಲ್ಲ ಅಂತಾದರೆ? ಆಗ ಹಚ್ಚುವುದಕ್ಕೆ ಕಾರಣವೇ ಇರುವುದಿಲ್ಲ. ಎಂಟು ವರ್ಷ ಕಾಪಾಡಿಕೊಂಡದ್ದನ್ನು ಕೊಟ್ಟು ಮೊನ್ನೆಯದನ್ನು ಉಳಿಸಿಕೊಳ್ಳಬಹುದು. ಮೊನ್ನೆಯದು ನಿಜ. ಅದೊಂದು ಉಳಿದರೆ ಸಾಕು.

“ಸ್ವಾಮಿ, ಮೊದಲನೇ ಸಲ ನಾನು ಯಾರನ್ನೂ ಉಳಿಸ್ಲಿಲ್ಲ,” ಅಂದ. “ನನ್ ಜೀವ ಉಳಿಸ್ಕೊಳ್ಳೋಕೆ ಬಟ್ಟೆ ಕೊಯ್ದೆ. ಮೊದ್ಲು ಹೊರಗೆ ಬಿದ್ದೋನು ನಾನೇ. ಅವ್ರು ನನ್ ಹಿಂದೆ ಬಂದ್ರು. ನಾನ್ ಹೀರೋ ಅಲ್ಲ. ನಂಗೆ ಉಳಿಸ್ಕೊಳ್ಳೋಕೆ ಹೆಸರೇ ಇರ್ಲಿಲ್ಲ ಸ್ವಾಮಿ. ಬೆಂಕಿ ಯಾಕ್ ಹಚ್ಲಿ?”

ಯಾರೋ ಕ್ಯಾಕರಿಸಿ ಉಗಿದರು.

“ಥೂ ನಿನ್ನ! ಎಂಟು ವರ್ಷ ನಮ್ ತಲೆ ಸವರಿದ್ಯಲ್ಲೋ.”

“ಅದೂ ಸುಳ್ಳು ಅಂದ್ಮೇಲೆ ಇದ್ಯಾವ ನಿಜಾನೋ?”

“ಓಡಿಹೋಗೋ ನನ್ಮಗ ಬಾಗ್ಲು ಕಿತ್ತು ಒಳಗೆ ಹೋಗ್ತಾನೇನೋ? ಕಥೆ ಹೇಳಿದ್ರೆ ಸರಿಯಾಗಿ ಹೇಳು!”

ನಲ್ಲಪ್ಪ ಸುತ್ತ ನೋಡಿದ. ಗಂಗುಲಮ್ಮ ಕಂಡಳು. ಬುಟ್ಟಿ ಸೊಂಟದ ಮೇಲೆ ಇಟ್ಟುಕೊಂಡು ಮುಂದೆಯೇ ನಿಂತಿದ್ದಳು. “ಗಂಗುಲಮ್ಮ, ನೀನ್ ಹೇಳಮ್ಮಾ. ನಾನ್ ಮೊದ್ಲು ಓಡಿದ್ದು ನೀನ್ ನೋಡಿದ್ಯಲ್ವಾ? ನಿಜ ತಾನೇ?”

“ನಿಜ ಸ್ವಾಮಿ,” ಅಂದಳು ಗಂಗುಲಮ್ಮ. ತುಳಿಸಿಕೊಂಡ ಕೈಯನ್ನು ಮೇಲೆತ್ತಿ ತೋರಿಸಿದಳು, ಕಿರುಬೆರಳು ಇನ್ನೂ ಸೊಟ್ಟಗಿತ್ತು. “ನನ್ನನ್ನ ತುಳ್ಕೊಂಡೇ ಓಡಿದ. ಅರ್ಧ ಯಾಕ್ ಹೇಳ್ತೀಯ ನಲ್ಲಪ್ಪಣ್ಣ? ಬಾಗ್ಲಿಗೆ ತಂತಿ ಕಟ್ಟಿದ್ದು ಯಾರು ಅಂತಾನೂ ಹೇಳು. ನಮ್ಮಕ್ಕ ಬೆಂದು ಸತ್ತಾಗ ಅವಳ ಬೆರಳು ಆ ತಂತೀಲೇ ಇತ್ತು. ಕಟ್ಟಿದ್ದು ಯಾರು, ಹೇಳು.”

ನಲ್ಲಪ್ಪ ಬಾಯಿ ತೆರೆದ. ವೆಂಕಟರವಣಪ್ಪನ ಬೈಗುಳಕ್ಕೆ ಕಟ್ಟಿದೆ ಅಂತ ಹೇಳಬಹುದಿತ್ತು. ಆದರೆ ಇಕ್ಕಳ ಹಿಡಿದ ಕೈ ಇವನದೇ.

“ನಾನೇ,” ಅಂದ.

ಆಮೇಲೆ ಬಿದ್ದ ಏಟುಗಳನ್ನು ಯಾರೂ ಎಣಿಸಲಿಲ್ಲ. ಸುಟ್ಟ ಕೈ ಮುಖಕ್ಕೆ ಅಡ್ಡ ಹಿಡಿಯಲೂ ಬರದೆ ಅವನು ಮೊಣಕೈ ಎತ್ತಿಕೊಂಡು ನಿಂತ. ಸಾಹೇಬರು ಬರೆಯುವುದನ್ನು ಬರೆದುಕೊಂಡರು. ಕೊನೆಗೆ ಬಿಡಿಸಿದವನು ವೆಂಕಟರವಣಪ್ಪ.

“ಬಿಡ್ರಪ್ಪಾ, ಬಿಡ್ರಿ,” ಅಂತ ಎರಡೂ ಕೈ ಎತ್ತಿದ. “ಸರ್, ಕೇಸು ಬೇಡ. ಬಡವ, ಹೆಂಡ್ತಿ ಇದ್ದಾಳೆ. ನನ್ನ ಅನ್ನ ತಿಂದವ್ನು. ನಾನು ಹೊಟ್ಟೆಗೆ ಹಾಕ್ಕೊಳ್ತೀನಿ.”

ಎಂಥಾ ದೊಡ್ಡ ಮನುಷ್ಯ ಅಂತ ಜನ ಮಾತಾಡಿಕೊಂಡು ಮನೆಗೆ ಹೋದರು. ಮೂರು ತಿಂಗಳಲ್ಲಿ ಟಾಕೀಸು ಮತ್ತೆ ಶುರುವಾಯಿತು. ಹೊಸ ಕ್ಯಾಬಿನ್ನು, ಅದೇ ಮುನಿನಾರಾಯಣಪ್ಪ. ಬಾಗಿಲುಗಳಿಗೆ ಹೊಸ ಚಿಲಕ. ಗಂಗುಲಮ್ಮ ಅದೇ ಜಾಗದಲ್ಲಿ ಬುಟ್ಟಿ ಇಟ್ಟುಕೊಂಡಳು. ಐದು ಸೆಲ್ಲಿನ ಬ್ಯಾಟರಿ ಹೊಸ ಗೇಟಿನವನ ಕೈಗೆ ಬಂತು, ಅವನು ಅದರಲ್ಲಿ ಸೀಟು ಮಾತ್ರ ತೋರಿಸುತ್ತಿದ್ದ.

ನಲ್ಲಪ್ಪ ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ಕೇಳಿದರೆ ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದು, “ನಿಂಗಾ? ಬ್ಯಾಡಪ್ಪಾ ಸಾಮಿ, ನಂದು ಬಿದಿರಿನ ಅಂಗ್ಡಿ,” ಅನ್ನುತ್ತಿದ್ದ. ಸುತ್ತಲಿದ್ದವರು ದಿನಾ ಅದೇ ಮಾತಿಗೆ ದಿನಾ ನಗುತ್ತಿದ್ದರು. ಬೋರ್‌ವೆಲ್ಲಿನ ಹತ್ತಿರ ಲಕ್ಷ್ಮಿದೇವಮ್ಮನ ಕೊಡ ಎಲ್ಲರ ಕೊಡ ತುಂಬಿದ ಮೇಲೆ ತುಂಬುತ್ತಿತ್ತು. ಗಾಯ ಮಾಗಿದಾಗ ಅವನ ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಒಳಗೆ ಮಡಚಿಹೋಗಿದ್ದವು. ಲೋಟ ಹಿಡಿಯಲು ಬರುತ್ತಿರಲಿಲ್ಲ.

ಲಕ್ಷ್ಮಿದೇವಮ್ಮನ ತವರು ಶಿಡ್ಲಘಟ್ಟದ ಕಡೆ. ಅಲ್ಲಿಗೆ ಹೋದರು. ಅವಳು ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಕುದಿಯುವ ನೀರಿನ ಬಾಂಡಲಿಗಳಲ್ಲಿ ಗೂಡು ಬೇಯುತ್ತಿರುತ್ತದೆ, ಹೆಂಗಸರು ಅದರೊಳಗೆ ಬೆರಳಾಡಿಸಿ ಎಳೆ ಹಿಡಿಯಬೇಕು. ನೂಲು ತೆಗೆದ ಮೇಲೆ ಉಳಿಯುವ ಹುಳವನ್ನು ಹೊರಗೆ ಒಣಹಾಕುತ್ತಾರೆ. ಅದಕ್ಕೆ ಕಾಗೆ ಬರದಂತೆ ಕೂತು ನೋಡಿಕೊಳ್ಳುವ ಕೆಲಸ ನಲ್ಲಪ್ಪನಿಗೆ ಸಿಕ್ಕಿತು. ಅದಕ್ಕೆ ಕೈ ಬೇಡ, ಕೂಗಿದರೆ ಸಾಕು. ಅಲ್ಲಿ ಅವನಿಗೆ ಹೆಸರಿರಲಿಲ್ಲ. ಲಕ್ಷ್ಮಿದೇವಮ್ಮನ ಗಂಡ, ಅಷ್ಟೆ.

ಮೊದಲ ದಿನವೇ ಕೇಳಿದರು, “ಕೈಗೇನಾಯ್ತಣ್ಣಾ?”

“ಚಿಂತಾಮಣಿ ಕಡೆ ಇಂಥದ್ದೇ ಶೆಡ್ಡಲ್ಲಿದ್ದೆ,” ಅಂದ ನಲ್ಲಪ್ಪ. “ಕಾಲು ಜಾರ್ತು. ಎರಡೂ ಕೈ ಬಾಂಡ್ಲಿಗೆ ಹೋಯ್ತು.”

ಒಬ್ಬರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಲೊಚಗುಟ್ಟಿದರು. ತಮ್ಮ ಬೆಂದು ಬೆಳ್ಳಗಾದ ಬೆರಳುಗಳನ್ನು ತೋರಿಸಿದರು. ಅವತ್ತಿನಿಂದ ಅಕ್ಕಯ್ಯಮ್ಮ ಅನ್ನುವ ವಯಸ್ಸಾದ ಹೆಂಗಸು ಮಧ್ಯಾಹ್ನದ ಹೊತ್ತು ಅವನ ಪಕ್ಕ ಕೂತು, ಚೊಂಬೆತ್ತಿ ಅವನ ಬಾಯಿಗೆ ಮಜ್ಜಿಗೆ ಹುಯ್ಯುತ್ತಿದ್ದಳು.

ಎರಡು ವರ್ಷ ಹಾಗೇ ಕಳೆಯಿತು. 1994ರಲ್ಲಿ ಒಂದು ಮಧ್ಯಾಹ್ನ ಅಕ್ಕಯ್ಯಮ್ಮ ತನ್ನ ಅಣ್ಣನ ಮಗಳ ಮನೆಗೆ, ಗೌರಿಬಿದನೂರಿಗೆ ಹೋಗಿ ಬಂದಿದ್ದಳು.

“ಅಯ್ಯೋ ದೇವುಡಾ, ಅಲ್ಲೊಬ್ಬ ಟಾಕೀಸಿನ ಗೇಟಿನವ್ನು ಇದ್ನಂತೆ ಕಣ್ರೇ,” ಅಂದಳು ಊಟಕ್ಕೆ ಕೂತ ಹೆಂಗಸರಿಗೆ. “ಎಂಥಾ ಚಂಡಾಲ! ತಾನೇ ಬಾಗ್ಲಿಗೆ ತಂತಿ ಬಿಗಿದು ತಾನೇ ಬೆಂಕಿ ಹಚ್ಚೋನಂತೆ, ಆಮೇಲೆ ತಾನೇ ಒಂದಿಬ್ರನ್ನ ಎಳ್ಕೊಂಡು ಬಂದು ಹೀರೋ ಆಗೋನಂತೆ. ಒಂದ್ಸಲ ಅಲ್ಲ, ಎರಡ್ಸಲ! ಐವತ್ ಜನ ಹೆಂಗಸ್ರು ಸತ್ರಂತೆ.”

ನೂಲು ತೆಗೆಯುವವಳೊಬ್ಬಳು ಅನ್ನದ ಕೈ ಅಲ್ಲಿಗೇ ನಿಲ್ಲಿಸಿದಳು. “ಬಿಡಕ್ಕಾ, ಪಿಕ್ಚರ್ ಕಥೆ ಇದ್ದಂಗಿದೆ. ಹೆಸರಿಗೋಸ್ಕರ ಯಾವನಾದ್ರೂ ಅಷ್ಟು ಜನನ್ನ ಸುಡ್ತಾನಾ?” ಅಂದಳು. ಆಮೇಲೆ ನಲ್ಲಪ್ಪನ ಕಡೆ ತಿರುಗಿದಳು. “ನೀನ್ ಹೇಳಣ್ಣಾ. ನಡೆಯೋಂಥದ್ದಾ ಇದು?”

ಎರಡು ವರ್ಷದಲ್ಲಿ ಅವನನ್ನು ಯಾರೂ ಇಂಥದ್ದು ಕೇಳಿರಲಿಲ್ಲ. ಕೊನೆಗೂ ಒಬ್ಬಳಿಗೆ ಅನುಮಾನ ಬಂದಿತ್ತು. ಅಲ್ಲ ಅಂತ ಒಂದು ಮಾತು ಅಂದರೆ ಸಾಕು. ಬಾಯಿ ತೆರೆದ. ಬಾಂಡಲಿಯ ಆಚೆಯಿಂದ ಲಕ್ಷ್ಮಿದೇವಮ್ಮ ಅವನನ್ನೇ ನೋಡುತ್ತಿದ್ದಳು. ಅಲ್ಲ ಅಂದರೆ, ನಿಂಗೆ ಹೆಂಗೆ ಗೊತ್ತು ಅಂತ ಕೇಳುತ್ತಾರೆ. ಕೇಳಿದರೆ ಈ ಮಜ್ಜಿಗೆಯೂ ಇಲ್ಲ, ಈ ಕಾಗೆಯೂ ಇಲ್ಲ, ಹೋಗುವುದಕ್ಕೆ ಇನ್ನೊಂದು ಊರೂ ಇಲ್ಲ.

“ಕಾರಣ ಸರಿಯಾಗಿದೆ ಕಣಮ್ಮಾ,” ಅಂದ. “ನಡೆಯೋಂಥದ್ದೇ.”

“ನೋಡಿದ್ಯಾ!” ಅಕ್ಕಯ್ಯಮ್ಮ ಗೆದ್ದವಳಂತೆ ಚೊಂಬು ಎತ್ತಿಕೊಂಡಳು. ಎಡಗೈಯಲ್ಲಿ ಅವನ ಗದ್ದ ಹಿಡಿದು ಮಜ್ಜಿಗೆ ಬಾಯಿಗೆ ಹುಯ್ದಳು, ಒಂದು ಹನಿಯೂ ಚೆಲ್ಲದ ಹಾಗೆ. “ಅಂಥವ್ನ ಕೈ ಕೊಳ್ತು ಉದುರಿಹೋಗ್ಲಿ. ಒಂದ್ ತೊಟ್ಟು ನೀರು ಹುಯ್ಯೋರು ಗತಿ ಇಲ್ದೆ ಸಾಯ್ಲಿ.”

“ಸಾಯ್ಲಮ್ಮಾ,” ಅಂದ ನಲ್ಲಪ್ಪ. “ಇನ್ನೊಂದ್ ಗುಟುಕು ಹುಯ್ಯಿ.”